ಕೈಯಲ್ಲಿ ಕುಡುಗೋಲು ಇಲ್ಲದೆ ಅಮ್ಮ ವಾಕಿಂಗ್ ಹೋಗಲ್ಲ. ಏನು ಮಾಡೋದು?

ಮಗಳು ಕೇಳ್ತಾಳೆ
ನಮ್ಮ ಅಮ್ಮನಿಗೆ 54 ವರ್ಷ. ಹೋದ ತಿಂಗಳು ಶುಗರ್ ಇದೆ ಅಂತ ಗೊತ್ತಾಯಿತು. ದಿನಾ ಅರ್ಧ ಗಂಟೆ ಸ್ವಲ್ಪ ಬಿರುಸಾಗಿ ನಡೆಯಿರಿ ಅಂತ ಡಾಕ್ಟರ್ ಹೇಳಿದರು. ಅಮ್ಮ ಅಲ್ಲಿ ತಲೆಯಾಡಿಸಿದರು. ಊರಿಗೆ ಬಂದ ಮೇಲೆ ಒಂದು ವಾರ ಆ ಮಾತೇ ಎತ್ತಲಿಲ್ಲ. ಕೇಳಿದರೆ, "ಕೆಲಸ ಇಲ್ಲದೆ ದಾರಿ ಅಳೀತಾಳೆ ಅಂತಾರೆ ಕಣೇ" ಅಂದರು.

ಎಂಟನೇ ದಿನ ಹೊರಟರು. ಕೈಯಲ್ಲಿ ಕುಡುಗೋಲು, ಕಂಕುಳಲ್ಲಿ ಮಡಚಿದ ಖಾಲಿ ಚೀಲ. ನಾನು ಸ್ವಲ್ಪ ಹಿಂದೆ ನಡೆದೆ. ಕಾಲುವೆ ಪಕ್ಕದ ದಾರಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದರು. ಎದುರಿಗೆ ಯಾರಾದರೂ ಕಂಡರೆ ಸಾಕು, ಬದುವಿನ ಕಡೆ ಬಗ್ಗಿ ಒಂದು ಹಿಡಿ ಹುಲ್ಲು ಕೊಯ್ಯುತ್ತಾರೆ. ಅವರು ದಾಟಿ ಹೋದ ಮೇಲೆ ಹುಲ್ಲನ್ನು ಅಲ್ಲೇ ಬಿಟ್ಟು ಮತ್ತೆ ನಡೆಯುತ್ತಾರೆ. ಅರ್ಧ ಗಂಟೆಯಲ್ಲಿ ಆರು ಸಲ ಬಗ್ಗಿದರು. ಮನೆಗೆ ಬಂದಾಗ ಚೀಲ ಖಾಲಿಯೇ ಇತ್ತು.

ಅದೇ ದಾರಿಯಲ್ಲಿ ಅಪ್ಪ ದಿನಾ ಸಂಜೆ ಕೈ ಬೀಸಿಕೊಂಡು ಹೋಗುತ್ತಾರೆ. ಯಾರಾದರೂ "ಎಲ್ಲಿಗೆ?" ಅಂದರೆ "ಸುಮ್ನೆ ಹೀಗೇ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅಮ್ಮನಿಗೆ "ಸುಮ್ನೆ" ಅನ್ನೋ ಉತ್ತರವೇ ಇಲ್ಲ. ನಿಮ್ಮ ಮನೆಗಳಲ್ಲೂ ಹೀಗೇನಾ? ಯಾರಾದರೂ ದಾಟಿದ್ದರೆ ಹೇಗೆ ದಾಟಿದಿರಿ ಅಂತ ಹೇಳಿ.

ಮಣ್ಣಿನ ರಸ್ತೆ
ತಪ್ಪು ತಿಳಿಯಬೇಡಿ ಅಕ್ಕ. ಬೆಳಗ್ಗೆಯಿಂದ ಸಂಜೆವರೆಗೆ ಹೊಲದಲ್ಲಿ ದುಡಿಯುವವರಿಗೆ ಮತ್ತೆ ವಾಕಿಂಗ್ ಯಾಕೆ? ಇದು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ಔಷಧ. ನಮ್ಮ ತಾಯಿ ಜೀವಮಾನದಲ್ಲಿ ವ್ಯಾಯಾಮ ಅಂತ ಮಾಡಿದವರಲ್ಲ. 80 ದಾಟಿದ್ದಾರೆ, ಗಟ್ಟಿಯಾಗಿದ್ದಾರೆ.

ಎರಡನೇ ಸೊಸೆ
ಹೌದು, ನಮ್ಮಲ್ಲೂ ಹೀಗೇ. ಕುಡುಗೋಲು ಅಲ್ಲ, ನನ್ನದು ಖಾಲಿ ಕೊಡ.

ಹಳ್ಳಿ ನರ್ಸ್
@ಮಣ್ಣಿನ ರಸ್ತೆ ಅಣ್ಣ, ಈ ಮಾತನ್ನು ನಾನು ವಾರಕ್ಕೆ ಹತ್ತು ಸಲ ಕೇಳುತ್ತೇನೆ. ಹೊಲದ ಕೆಲಸ ವ್ಯಾಯಾಮದ ಲೆಕ್ಕಕ್ಕೆ ಬರುವುದಿಲ್ಲ. ಸೊಂಟ ಬಗ್ಗಿಸಿ ನಾಲ್ಕು ಗಂಟೆ ಕಳೆ ಕಿತ್ತರೆ ಬೆನ್ನು ಸವೆಯುತ್ತದೆಯೇ ಹೊರತು ಹೃದಯಕ್ಕೆ ಅದರಿಂದ ಏನೂ ಸಿಗುವುದಿಲ್ಲ.

ಅಂಕಿ ಹುಡುಕುವವ
ನರ್ಸ್ ಮೇಡಂ, ಇಲ್ಲಿ ಒಂದು ತಿದ್ದುಪಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೊಲದ ಕೆಲಸ, ಮನೆಗೆಲಸ, ನಡೆದು ಹೋಗಿಬರುವುದು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕೆಲಸ. ಎಲ್ಲಿ ಮಾಡಿದರೂ ಸರಿ. ಹಾಗಾಗಿ "ಲೆಕ್ಕಕ್ಕೇ ಇಲ್ಲ" ಅನ್ನುವುದು ಸರಿಯಲ್ಲ.

ಆದರೆ ಮಣ್ಣಿನ ರಸ್ತೆಯವರು ಹೇಳಿದ್ದೂ ಪೂರ್ತಿ ಸರಿಯಲ್ಲ. ಬಿಡುವಿನಲ್ಲಿ ಮಾಡುವ ವ್ಯಾಯಾಮದಿಂದ ಸಿಗುವ ಲಾಭ ದುಡಿಮೆಯ ಶ್ರಮದಿಂದ ಅಷ್ಟೇ ಸಿಗುತ್ತದಾ ಅಂತ ಬಹಳ ವರ್ಷದಿಂದ ಚರ್ಚೆ ನಡೆಯುತ್ತಿದೆ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ತುಂಬಾ ಶ್ರಮದ ಕೆಲಸ ಮಾಡುವ ಗಂಡಸರಲ್ಲಿ ಬೇಗ ಸಾಯುವ ಅಪಾಯ 18% ಜಾಸ್ತಿ ಕಂಡಿತು. ಹೆಂಗಸರಲ್ಲಿ ಅದು ಕಾಣಲಿಲ್ಲ. ಅವು ಹೆಚ್ಚಾಗಿ ಶ್ರೀಮಂತ ದೇಶಗಳ ಅಧ್ಯಯನಗಳು. ಹೊಲದ ಹೆಂಗಸರಿಗೆ ಅದನ್ನು ಹಾಗೇ ಹಚ್ಚಲು ಆಗುವುದಿಲ್ಲ.

ಹಳ್ಳಿ ನರ್ಸ್
ತಿದ್ದಿದ್ದಕ್ಕೆ ಥ್ಯಾಂಕ್ಸ್, ಒಪ್ಪುತ್ತೇನೆ. ನಾನು ಹೇಳಬೇಕಿದ್ದದ್ದು ಇದು: ಕೆಲಸದಲ್ಲಿ ಬಿರುಸು ನಮ್ಮ ಕೈಯಲ್ಲಿ ಇರುವುದಿಲ್ಲ. ಸುಸ್ತಾದರೂ ನಿಲ್ಲಿಸುವ ಹಾಗಿಲ್ಲ. ಭಾರ ಒಂದೇ ಕಡೆ ಬೀಳುತ್ತದೆ. ವಿಶ್ರಾಂತಿ ಇಲ್ಲ. ವಾಕಿಂಗ್‌ನಲ್ಲಿ ಹೆಜ್ಜೆ ನಮ್ಮದು, ಬೇಕಾದಾಗ ನಿಲ್ಲುವುದೂ ನಮ್ಮದೇ.

ಇನ್ನೊಂದು, ಹೊಲದ ಕೆಲಸ ವರ್ಷಪೂರ್ತಿ ಇರುವುದಿಲ್ಲ. ನಾಟಿ, ಕೊಯ್ಲು ಹೊತ್ತಿನಲ್ಲಿ ಮೈಮುರಿ ಕೆಲಸ, ಆಮೇಲೆ ತಿಂಗಳುಗಟ್ಟಲೆ ಒಲೆ ಮುಂದೆ. ಈಗ ಯಂತ್ರಗಳೂ ಬಂದಿವೆ. 50 ದಾಟಿದ ಎಷ್ಟೋ ಜನ "ನಾನು ದುಡಿಯೋಳು" ಅಂತಲೇ ಅಂದುಕೊಂಡಿರುತ್ತಾರೆ. ಆದರೆ ದಿನದ ಬಹುಪಾಲು ಕೂತಿರುತ್ತಾರೆ.

ಮಣ್ಣಿನ ರಸ್ತೆ
ಸರಿ, ಯಂತ್ರದ ಮಾತು ಒಪ್ಪಿದೆ. ನಮ್ಮ ಮನೆಯಲ್ಲೂ ಹಾಗೇ ಆಗಿದೆ. ಆದರೂ ಇದು ಹೆಣ್ಣು ಗಂಡಿನ ವಿಷಯ ಹೇಗೆ ಆಯಿತು? ರಸ್ತೆ ಎಲ್ಲರದೂ ಅಲ್ವಾ? ಯಾರು ತಡೆದರು? ಅಮ್ಮ ತಾವೇ ನಾಚಿಕೊಂಡರೆ ಊರಿನ ತಪ್ಪಾ?

ಎರಡನೇ ಸೊಸೆ
ಯಾರೂ ತಡೆಯುವುದಿಲ್ಲ ಅಣ್ಣ. ಕೇಳುತ್ತಾರೆ. ಅಷ್ಟೇ. ಅದು ಹೇಗಿರುತ್ತದೆ ಅಂತ ಹೇಳುತ್ತೇನೆ.

ನಾನು ಮದುವೆಗೆ ಮುಂಚೆ ಶಾಲೆ ಟೀಮಿನಲ್ಲಿ ವಾಲಿಬಾಲ್ ಆಡುತ್ತಿದ್ದೆ. ಎರಡನೇ ಹೆರಿಗೆ ಆದ ಮೇಲೆ ತೂಕ ಏರಿತು, ಬೆನ್ನು ನೋವು ಬಂತು. ನನ್ನ ತಮ್ಮ ಒಂದು ಜೊತೆ ಶೂ ತಂದುಕೊಟ್ಟ. ಬಿಳಿ ಬಣ್ಣದ್ದು, ಅಂಚಿಗೆ ನೀಲಿ ಪಟ್ಟಿ. ಮೊದಲ ದಿನ ಹಾಕಿಕೊಂಡು ಬಾಗಿಲು ದಾಟಿದೆ. ಎದುರು ಮನೆಯವರು "ಎಲ್ಲಿಗೆ ಹೊರಟೆ?" ಅಂದರು. ಪಕ್ಕದ ಮನೆಯವರು ನನ್ನ ಕಾಲು ನೋಡಿದರು. ಮೂರನೆಯವರು ನನ್ನನ್ನು ಏನೂ ಕೇಳಲಿಲ್ಲ, ಸಂಜೆ ನಮ್ಮ ಅತ್ತೆಯನ್ನು ಕೇಳಿದರು. ಅತ್ತೆ ಬೈಯಲಿಲ್ಲ. "ಬೆಳಿಗ್ಗೆ ಕೊಟ್ಟಿಗೆ ಕೆಲಸ ನಾನೇ ಮಾಡ್ಕೋತೀನಿ ಬಿಡು, ನೀನು ಓಡಾಡ್ಕೊಂಡು ಬಾ" ಅಂದರು. ಅದನ್ನು ಹೇಳಿದ ದನಿ ನನಗೆ ಇನ್ನೂ ಕಿವಿಯಲ್ಲಿದೆ.

ಆ ಶೂ ಈಗ ಕೊಟ್ಟಿಗೆಯ ಅಟ್ಟದ ಮೇಲೆ, ಹಳೇ ಚೀಲದ ಕೆಳಗಿದೆ. ಬೆಳಗಿನ ಜಾವ ಚಪ್ಪಲಿ ಹಾಕಿಕೊಂಡು, ಕೊಡ ಹಿಡಿದು ಹೊರಡುತ್ತೇನೆ. ಊರು ದಾಟಿದ ಮೇಲೆ ಕೊಡ ಪೊದೆಯಲ್ಲಿಟ್ಟು ನಡೆಯುತ್ತೇನೆ. ಬರುವಾಗ ನೀರು ತುಂಬಿಸಿ ತರುತ್ತೇನೆ, ಬೇಡದಿದ್ದರೂ.

ಸುಮ್ಮನೆ ಓದುವವಳು
ಕೊಟ್ಟಿಗೆ ಕೆಲಸ ನಾನೇ ಮಾಡ್ಕೋತೀನಿ ಬಿಡು! ಈ ಮಾತು ನನಗೂ ಬಿದ್ದಿದೆ. ಓದಿ ಕಣ್ಣು ತುಂಬಿತು.

ಪಿಟಿ ಟೀಚರ್
ಹಳ್ಳಿ ಶಾಲೆಯಲ್ಲಿ 19 ವರ್ಷದಿಂದ ಇದ್ದೇನೆ. ಇದು ಮದುವೆಯಾದ ಮೇಲೆ ಶುರುವಾಗುವುದಲ್ಲ. ಐದನೇ ಕ್ಲಾಸಿನವರೆಗೆ ಹುಡುಗ ಹುಡುಗಿ ಒಟ್ಟಿಗೆ ಓಡುತ್ತಾರೆ. ಎಷ್ಟೋ ಸಲ ಹುಡುಗಿಯರೇ ಮುಂದೆ. ಏಳು, ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಒಬ್ಬೊಬ್ಬರಾಗಿ ಮೈದಾನದ ಅಂಚಿಗೆ ಹೋಗಿ ಕೂರುತ್ತಾರೆ. ಕೇಳಿದರೆ "ಹೊಟ್ಟೆ ನೋವು ಟೀಚರ್". ಒಂದು ದಿನ ಹೊಟ್ಟೆ ನೋವು ನಿಜ ಇರಬಹುದು, 20 ದಿನ ಇರುವುದಿಲ್ಲ.

ಪ್ರಪಂಚದ ಎಲ್ಲ ಕಡೆಯ ಕಥೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2016ರಲ್ಲಿ 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ 85% ಜನರಿಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ 78%. ಹುಡುಗರದ್ದೂ ಕೆಟ್ಟದ್ದೇ, ಆದರೆ ಅಂತರ ನೋಡಿ. ಮೂಳೆ ಗಟ್ಟಿಯಾಗುವ ವಯಸ್ಸು ಅದು. 30ರ ಹೊತ್ತಿಗೆ ಮೂಳೆ ತನ್ನ ಗರಿಷ್ಠ ಗಟ್ಟಿತನ ಮುಟ್ಟಿರುತ್ತದೆ. ಆಮೇಲೆ ಉಳಿಸಿಕೊಳ್ಳುವುದಷ್ಟೇ. ಮುಟ್ಟು ನಿಂತ ಮೇಲೆ ಬೇಗ ಕರಗುತ್ತದೆ. 13ರಲ್ಲಿ ಮೈದಾನ ಬಿಟ್ಟ ಹುಡುಗಿ 60ರಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಹೆಚ್ಚು.

ಮಣ್ಣಿನ ರಸ್ತೆ
ಟೀಚರ್, ಬಟ್ಟೆಯೂ ಒಂದು ಕಾರಣ ಅಲ್ವಾ? ಉದ್ದ ಬಟ್ಟೆಯಲ್ಲಿ ಓಡಲು ಆಗುವುದಿಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡರೆ ಊರವರು ಒಪ್ಪುವುದಿಲ್ಲ.

ಸೈಕಲ್ ಚೈನ್
ಆಗುವುದಿಲ್ಲ ಅಂತ ಯಾರು ಹೇಳಿದ್ದು? ಮೆಕ್ಸಿಕೋದ ರಾರಾಮುರಿ ಜನಾಂಗದ ಲೊರೆನಾ ರಾಮಿರೆಸ್ 2017ರಲ್ಲಿ 50 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಮೊದಲು ಬಂದಳು. ಉದ್ದ ಲಂಗ, ಕಾಲಿಗೆ ಸಾದಾ ಚಪ್ಪಲಿ. ಆಡು ಕಾಯುವ ಮನೆಯ ಹುಡುಗಿ.

ಬೊಲಿವಿಯಾದ ಐಮಾರಾ ಹೆಂಗಸರದ್ದೂ ಹಾಗೇ. ಪರ್ವತ ಹತ್ತಲು ಬರುವವರಿಗೆ ಬೇಸ್ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದರು, ಸಾಮಾನು ಹೊರುತ್ತಿದ್ದರು. ಆಮೇಲೆ ತಾವೇ ಹತ್ತಲು ಶುರು ಮಾಡಿದರು. 2019ರ ಜನವರಿಯಲ್ಲಿ ತಮ್ಮ ಅಗಲ ಲಂಗದಲ್ಲೇ ಅರ್ಜೆಂಟೀನಾದ ಅಕಾಂಕಾಗುವಾ ಪರ್ವತದ ತುದಿ ಮುಟ್ಟಿದರು. ಅದು 6,900 ಮೀಟರಿಗೂ ಎತ್ತರ.

ಗಮನಿಸಿ, ಇನ್ನೊಬ್ಬರ ಗಂಟು ಹೊತ್ತು ಬೆಟ್ಟದಲ್ಲಿ ತಿರುಗುವಾಗ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ತಮಗಾಗಿ ಹತ್ತಿದಾಗ ಸುದ್ದಿಯಾಯಿತು.

ಪಿಟಿ ಟೀಚರ್
ಇವು ಒಳ್ಳೆಯ ಉದಾಹರಣೆ, ಆದರೆ ಒಂದು ಎಚ್ಚರಿಕೆ. "ಅವಳು ಲಂಗದಲ್ಲೇ ಓಡಿದಳು, ನೀನೂ ಓಡು" ಅಂತ ನಮ್ಮ ಹುಡುಗಿಯರಿಗೆ ಹೇಳಬೇಡಿ. ಅನುಕೂಲದ ಬಟ್ಟೆ ಕೇಳುವುದು ಅವರ ಹಕ್ಕು. ನಾನು ನಮ್ಮ ಶಾಲೆಯಲ್ಲಿ ಎರಡು ವರ್ಷ ಜಗಳ ಆಡಿ ಎಲ್ಲ ಹುಡುಗಿಯರಿಗೂ ಆಟದ ದಿನ ಪ್ಯಾಂಟ್ ಮಾಡಿಸಿದೆ. ಒಬ್ಬಳು ಹಾಕಿದರೆ ಕಣ್ಣಿಗೆ ಬೀಳುತ್ತಾಳೆ. 60 ಜನ ಹಾಕಿದರೆ ಅದು ಯೂನಿಫಾರಂ.

ಸೈಕಲ್ ಚೈನ್
ಒಪ್ಪಿದೆ. ಒಬ್ಬಳಲ್ಲ, ಗುಂಪು. ಸೈಕಲ್ ವಿಷಯದಲ್ಲೂ ಹಾಗೇ ಆಗಿದ್ದು. 1990ರ ದಶಕದ ಶುರುವಿನಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಕೂಲಿ ಹೆಂಗಸರು, ಕಲ್ಲು ಕ್ವಾರಿ ಕೆಲಸದವರು, ಸಾವಿರಾರು ಜನ ಒಟ್ಟಿಗೆ ಕಲಿತರು. ಸಾಲಾಗಿ ಹೊರಟರೆ ಯಾರನ್ನು ಅಂತ ಆಡಿಕೊಳ್ಳುತ್ತಾರೆ?

ಬಿಹಾರದಲ್ಲಿ 2006ರಿಂದ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದರು. ಹುಡುಗಿಯರ ಹೈಸ್ಕೂಲ್ ದಾಖಲಾತಿ 32% ಏರಿತು ಅಂತ ಅದರ ಮೇಲಿನ ಅಧ್ಯಯನ ಹೇಳುತ್ತದೆ. ಹುಡುಗಿಯರು ಗುಂಪಾಗಿ ಹೋಗುವುದರಿಂದ ಅಪ್ಪ ಅಮ್ಮನಿಗೂ ಧೈರ್ಯ.

ಅಂಕಿ ಹುಡುಕುವವ
ಸೈಕಲ್ಲಿನ ಬಗ್ಗೆ ಒಂದು ಹಳೇ ಮಾತು. ಸೈಕಲ್ ತುಳಿದರೆ ಹೆಣ್ಣಿನ ಮೈ ಕೆಡುತ್ತದೆ ಅಂತ 1890ರ ದಶಕದಲ್ಲಿ ಯುರೋಪಿನ ಡಾಕ್ಟರುಗಳೇ ಬರೆದಿದ್ದರು. ಓಟದ ಕಥೆಯೂ ಹಾಗೇ. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರ 800 ಮೀಟರ್ ಓಟ ಇಟ್ಟರು. ಹೆಂಗಸರಿಗೆ ಇದು ಅತಿಯಾಯಿತು ಅಂತ ತೆಗೆದುಹಾಕಿದರು. ಮತ್ತೆ ಬಂದದ್ದು 1960ರಲ್ಲಿ. ಮ್ಯಾರಥಾನ್ ಬಂದದ್ದು 1984ರಲ್ಲಿ. ಅದೇ ಕಾಲದಲ್ಲಿ ಹಳ್ಳಿ ಹೆಂಗಸರು ಬಸುರಿಯಾಗಿದ್ದಾಗಲೂ ನೀರು ಹೊರುತ್ತಿದ್ದರು. ಅದು ಅತಿಯಾಯಿತು ಅಂತ ಯಾವ ಸಮಿತಿಯೂ ಹೇಳಲಿಲ್ಲ.

ಎರಡನೇ ಸೊಸೆ
ಕೊನೆ ಸಾಲಿಗೆ ಕೈ ಮುಗಿದೆ.

ಬೇಲಿ ಪಕ್ಕ
ಎಲ್ಲವನ್ನೂ "ಜನ ಏನಂತಾರೆ" ಅನ್ನುವುದಕ್ಕೆ ಕಟ್ಟಬೇಡಿ. ನಮ್ಮ ದಾರಿಯಲ್ಲಿ ದೀಪ ಇಲ್ಲ. ನಾಯಿಗಳ ಕಾಟ. ಬೆಳಕು ಹರಿಯುವ ಮುಂಚೆ ನನ್ನ ಹೆಂಡತಿ ಒಬ್ಬಳೇ ಹೋಗುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. ಅದು ಕಾಳಜಿ, ಕಟ್ಟುಪಾಡಲ್ಲ.

ಮಗಳು ಕೇಳ್ತಾಳೆ
ಬೆಳಕು ಹರಿದ ಮೇಲೆ ಹೋಗಲಿ ಅಂತೀರಾ? ಆಗ ಮನೆ ಕೆಲಸ ಯಾರು ಮಾಡುತ್ತಾರೆ?

ಬೇಲಿ ಪಕ್ಕ
ಹಂಚಿಕೊಳ್ಳಬಹುದು. ನಾನು ಮಾಡುವುದಿಲ್ಲ ಅಂದಿಲ್ಲ.

ಅಂಕಿ ಹುಡುಕುವವ
ಹಂಚಿಕೆ ಎಷ್ಟಿದೆ ನೋಡಿ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರಲ್ಲಿ ಮಾತ್ರ, ಏನೂ ಮಾಡದವರನ್ನು ಬಿಟ್ಟು. 2024ರಲ್ಲಿ ಮತ್ತೆ ಲೆಕ್ಕ ಹಾಕಿದರು: 289 ಮತ್ತು 88. ಐದು ವರ್ಷದಲ್ಲಿ ಹೆಂಗಸರಿಗೆ ಹತ್ತು ನಿಮಿಷ ಬಿಡುವಾಯಿತು, ಆದರೆ ಗಂಡಸರದ್ದೂ ಒಂಬತ್ತು ನಿಮಿಷ ಇಳಿಯಿತು.

ನೀರಿನದ್ದೂ ಹಾಗೇ. ಮನೆಯಂಗಳದಲ್ಲಿ ನೀರಿಲ್ಲದ ಕಡೆ, ಪ್ರಪಂಚದಾದ್ಯಂತ ಹತ್ತರಲ್ಲಿ ಏಳು ಮನೆಗಳಲ್ಲಿ ನೀರು ತರುವುದು ಹೆಂಗಸರು, ಹುಡುಗಿಯರು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದು.

ಬೇಲಿ ಪಕ್ಕ
ಸರಿ. ದೀಪದ ಮಾತನ್ನು ಬಿಡುವುದಿಲ್ಲ ಆದರೂ. ಮುಂದಿನ ಗ್ರಾಮಸಭೆಯಲ್ಲಿ ಎತ್ತುತ್ತೇನೆ. ಕಾಲುವೆ ದಾರಿಗೆ ನಾಲ್ಕು ಕಂಬ ಹಾಕಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಹಳ್ಳಿ ನರ್ಸ್
ಕಂಬದ ಮಾತು ಖಂಡಿತ ಎತ್ತಿ. ಈಗ ಯಾರೂ ಬಾಯಿ ಬಿಟ್ಟು ಹೇಳದ ಒಂದು ವಿಷಯ ಹೇಳುತ್ತೇನೆ. ಗಂಡಸರೂ ಓದಲಿ.

ಎಷ್ಟೋ ಹೆಂಗಸರು ಬಿರುಸಾಗಿ ನಡೆಯದಿರಲು ಕಾರಣ ನಾಚಿಕೆ ಅಲ್ಲ, ಊರವರೂ ಅಲ್ಲ. ನಡೆದರೆ, ಕೆಮ್ಮಿದರೆ, ನಕ್ಕರೆ ಮೂತ್ರ ಸೋರುತ್ತದೆ. ಮೇಲಿಂದ ಮೇಲೆ ಹೆರಿಗೆ, ಹೆರಿಗೆಯಾಗಿ ಸ್ವಲ್ಪ ದಿನಕ್ಕೇ ಹುಲ್ಲಿನ ಹೊರೆ, ನೀರಿನ ಕೊಡ. ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲ ಆಗುತ್ತವೆ. ಕೆಲವರಿಗೆ ಗರ್ಭಕೋಶವೇ ಕೆಳಗೆ ಜಾರುತ್ತದೆ. "ಏನೋ ಕೆಳಗೆ ಇಳಿದ ಹಾಗೆ ಆಗುತ್ತೆ ಸಿಸ್ಟರ್" ಅಂತ ಪಿಸುಮಾತಿನಲ್ಲಿ ಹೇಳುತ್ತಾರೆ, ಅದೂ ಹತ್ತು ವರ್ಷ ಅನುಭವಿಸಿದ ಮೇಲೆ. ಗಂಡನಿಗೂ ಹೇಳಿರುವುದಿಲ್ಲ.

ಇದಕ್ಕೆ ಪರಿಹಾರ ಇದೆ. ಮೂತ್ರ ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿ ಹಿಡಿದು ಬಿಡುವುದು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಆದರೆ ಮೂತ್ರ ಮಾಡುತ್ತಿರುವಾಗ ಇದನ್ನು ಮಾಡಬೇಡಿ. ಕೂತಲ್ಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಸೋರುವುದು ಎಷ್ಟೋ ಜನರಿಗೆ ಮೂರು ತಿಂಗಳಲ್ಲಿ ಕಡಿಮೆ ಆಗುತ್ತದೆ. ಏನೋ ಕೆಳಗೆ ಜಾರಿದ ಹಾಗೆ ಅನ್ನಿಸಿದರೆ ತಪಾಸಣೆ ಮಾಡಿಸಲೇಬೇಕು. @ಮಗಳು ಕೇಳ್ತಾಳೆ, ಅಮ್ಮನನ್ನು ಒಮ್ಮೆ ಮೆಲ್ಲಗೆ ಕೇಳಿ.

ಸುಮ್ಮನೆ ಓದುವವಳು
ಸಿಸ್ಟರ್, ಇದನ್ನು ಬರೆದದ್ದಕ್ಕೆ ದೊಡ್ಡ ಉಪಕಾರ. ನನಗೆ 38. ಇದು ವಯಸ್ಸಾದವರಿಗೆ ಮಾತ್ರ ಬರುತ್ತದೆ ಅಂದುಕೊಂಡು ಸುಮ್ಮನಿದ್ದೆ.

ಹಳ್ಳಿ ನರ್ಸ್
ಸುಮ್ಮನಿರಬೇಡಿ. ಇವತ್ತೇ ಶುರು ಮಾಡಿ.

ಸೈಕಲ್ ಚೈನ್
ವಿಷಯ ಸ್ವಲ್ಪ ಆಚೆ, ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಇದೆಯಲ್ಲ, ಅದನ್ನು ಅಮ್ಮಂದಿರಿಗೆ ಹಾಕಿಕೊಟ್ಟರೆ ಹೇಗೆ? ನನ್ನ ಅಪ್ಪ ಅದಕ್ಕೇ ಸೋತು ದಿನಾ 8,000 ದಾಟಿಸುತ್ತಾರೆ.

ಎರಡನೇ ಸೊಸೆ
ಜೇಬು ಎಲ್ಲಿದೆ? ನಮ್ಮ ಬಟ್ಟೆಗೆ ಜೇಬೇ ಇರುವುದಿಲ್ಲ. ಫೋನ್ ಕಿಟಕಿ ಮೇಲಿರುತ್ತದೆ, ಇಲ್ಲ ಮಕ್ಕಳ ಕೈಯಲ್ಲಿ. ದಿನವಿಡೀ ಓಡಾಡಿದರೂ ಅದರಲ್ಲಿ 200 ಹೆಜ್ಜೆ ತೋರಿಸುತ್ತದೆ.

ಪಿಟಿ ಟೀಚರ್
ಆ್ಯಪ್ ಬೇಡ. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸಿದ್ದರೆ ಸಾಕು. ಜೊತೆಗೆ ಒಬ್ಬರಿದ್ದರೆ ಅದು ತಾನಾಗಿ ಗೊತ್ತಾಗುತ್ತದೆ.

ಹಿರಿಯ ಅತ್ತೆ
ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ. ಆ ಶೂ ಕಥೆ ಓದಿಸಿ ಕೇಳಿದೆ. ನಾನೂ ಸೊಸೆಗೆ ಅಂಥದ್ದೇ ಮಾತು ಆಡಿದ್ದೇನೆ. ಅವಳು ಬೆಳಗ್ಗೆ ಹೊರಟಾಗ ನನಗೆ ಸಿಟ್ಟು ಬರುತ್ತಿತ್ತು. ಯಾಕೆ ಅಂತ ಈಗ ಯೋಚಿಸಿದರೆ, ನನ್ನನ್ನು ಯಾರೂ ಹಾಗೆ ಬಿಟ್ಟಿರಲಿಲ್ಲ. ನಾನು ಸೊಸೆಯಾಗಿದ್ದಾಗ ಬಾವಿಗೆ ಹೋಗುವುದೊಂದೇ ಹೊರಗೆ ಹೋಗುವ ದಾರಿ. ಆ ನೀರಿನ ನೆಪಕ್ಕೆ ನಾವು ನಾಲ್ಕು ಜನ ಕಾಯುತ್ತಿದ್ದೆವು. ಕೊಡ ಭಾರ ಅನ್ನಿಸುತ್ತಿರಲಿಲ್ಲ, ಮನೆಗೆ ವಾಪಸ್ ಬರುವುದು ಭಾರ ಅನ್ನಿಸುತ್ತಿತ್ತು.

ಈಗ ನನಗೆ ಮಂಡಿ ನೋವು, ಅವಳ ಜೊತೆ ಹೋಗಲು ಆಗುವುದಿಲ್ಲ. ಬಾಗಿಲಲ್ಲಿ ಕೂತಿರುತ್ತೇನೆ. ಯಾರಾದರೂ "ನಿಮ್ಮ ಸೊಸೆ ಎಲ್ಲಿಗೆ ಹೋದಳು?" ಅಂದರೆ "ನಾನೇ ಕಳಿಸಿದ್ದೇನೆ" ಅನ್ನುತ್ತೇನೆ. ಆಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ಎರಡನೇ ಸೊಸೆ
ಅಜ್ಜಿ, ಈ ಮಾತನ್ನು ನಮ್ಮ ಅತ್ತೆಗೆ ಓದಿ ಹೇಳುತ್ತೇನೆ. ಧೈರ್ಯ ಬಂದ ದಿನ.

ಸೈಕಲ್ ಚೈನ್
ಅಜ್ಜಿ, ದಕ್ಷಿಣ ಆಫ್ರಿಕಾದ ಲಿಂಪೊಪೊದಲ್ಲಿ ಅಜ್ಜಿಯರದ್ದೇ ಒಂದು ಫುಟ್‌ಬಾಲ್ ಟೀಮ್ ಇದೆ, ವಖೆಗುಲಾ ವಖೆಗುಲಾ ಅಂತ. 60, 70 ದಾಟಿದವರೂ ಆಡುತ್ತಾರೆ. ಅವರಲ್ಲೂ ಹಲವರಿಗೆ ಕಾಯಿಲೆ, ನೋವು ಇತ್ತು.

ಮಂಡಿ ಡಾಕ್ಟರಮ್ಮ
ಫಿಸಿಯೋಥೆರಪಿಸ್ಟ್ ನಾನು. ಹಿರಿಯರು ಒಮ್ಮೆಗೇ ಫುಟ್‌ಬಾಲ್ ಬೇಡ. ಅಜ್ಜಿ, ಕುರ್ಚಿಯ ತುದಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಐದು ಸಲ. ನಿಧಾನಕ್ಕೆ ಹೆಚ್ಚಿಸಿ. ತೊಡೆ ಗಟ್ಟಿಯಾದರೆ ಮಂಡಿಗೆ ಭಾರ ಕಡಿಮೆ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಬೀಳದ ಹಾಗೆ ಸಮತೋಲನ ಕಲಿಸುವ ವ್ಯಾಯಾಮ ಬೇಕು. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದೂ ಅದೇ.

ಮಣ್ಣಿನ ರಸ್ತೆ
ಮೊದಲು ನಾನು ಬರೆದದ್ದನ್ನು ಮತ್ತೆ ಓದಿದೆ. ನಮ್ಮ ತಾಯಿ ಗಟ್ಟಿಯಾಗಿದ್ದಾರೆ ಅಂದೆ. ಇವತ್ತು ಕೂತು ಕೇಳಿದೆ. 15 ವರ್ಷದಿಂದ ಸೊಂಟ ನೋವಂತೆ. "ಯಾಕೆ ಹೇಳಲಿಲ್ಲ" ಅಂದರೆ "ನೀನು ಕೇಳಲಿಲ್ಲ" ಅಂದರು. ನನ್ನ ಹೆಂಡತಿಯನ್ನೂ ಕೇಳಿದೆ, ವಾಕಿಂಗ್ ಹೋಗಬೇಕು ಅನ್ನಿಸುತ್ತಾ ಅಂತ. ಅವಳು ನಂಬಲೇ ಇಲ್ಲ, ಏನೋ ಕೆಲಸ ಹೇಳಲು ಬಂದಿದ್ದೇನೆ ಅಂದುಕೊಂಡಳು.

ಮಗಳು ಕೇಳ್ತಾಳೆ
ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರದ ಸುದ್ದಿ ಹೇಳುತ್ತೇನೆ.

ಸಿಸ್ಟರ್ ಹೇಳಿದ್ದನ್ನು ಅಮ್ಮನಿಗೆ ರಾತ್ರಿ ಮಲಗುವಾಗ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿನಗೆ ಹೇಗೆ ಗೊತ್ತಾಯ್ತು" ಅಂದರು. ಆ ವ್ಯಾಯಾಮ ಶುರು ಮಾಡಿದ್ದಾರೆ. ತಪಾಸಣೆಗೆ ಹೋಗಲು ಒಪ್ಪಿದ್ದಾರೆ, ನಾನು ಜೊತೆಗಿರಬೇಕಂತೆ.

ಚಿಕ್ಕಮ್ಮ ಮತ್ತು ಹಿಂದಿನ ಮನೆಯವರು ಜೊತೆ ಸೇರಿದ್ದಾರೆ. ಮೂವರೂ ಬಾಯಿಗೆ ಬಿಡುವು ಕೊಡದೆ ಮಾತಾಡುತ್ತಾ ನಡೆಯುತ್ತಾರೆ. ಬಗ್ಗುವುದು ಕಡಿಮೆ ಆಗಿದೆ, ನಿನ್ನೆ ಒಂದೇ ಸಲ. ಆದರೆ ಕುಡುಗೋಲು ಬಿಟ್ಟಿಲ್ಲ. ಈಗ ಮೂವರ ಮಧ್ಯೆ ಒಂದೇ ಕುಡುಗೋಲು, ಸರದಿ ಮೇಲೆ ಹಿಡಿಯುತ್ತಾರೆ. ಸಂಜೆ ದನದ ಕೆಲಸ ಮಾಡಲು ಅಪ್ಪನಿಗೆ ಹೇಳಿದೆ. ಐದು ದಿನದಲ್ಲಿ ಮೂರು ದಿನ ಮಾಡಿದರು.

ಮಂಡಿ ಡಾಕ್ಟರಮ್ಮ
ತುಂಬಾ ಖುಷಿಯಾಯಿತು. ಅಮ್ಮ ಕಾಲಿಗೆ ಏನು ಹಾಕಿಕೊಳ್ಳುತ್ತಾರೆ? ಶುಗರ್ ಇರುವವರು ತೆಳು ಚಪ್ಪಲಿಯಲ್ಲಿ ನಡೆಯಬಾರದು. ಗಾಯವಾದರೂ ಗೊತ್ತಾಗದೇ ಇರಬಹುದು. ರಾತ್ರಿ ಪಾದ ನೋಡಿ.

ಮಗಳು ಕೇಳ್ತಾಳೆ
ತೆಳು ಚಪ್ಪಲಿಯೇ. ಶೂ ಅಂದರೆ ಬೇಡ ಅನ್ನುತ್ತಾರೆ.

ಎರಡನೇ ಸೊಸೆ
ಅಮ್ಮನ ಅಳತೆ ಎಷ್ಟು? ನನ್ನದು ಆರು. ಅಟ್ಟದ ಮೇಲಿರುವ ಜೊತೆಯನ್ನು ನಾನು ನಾಳೆ ಇಳಿಸುತ್ತಿದ್ದೇನೆ, ಅದು ನನಗೇ ಬೇಕು. ಆದರೆ ನನ್ನ ತಮ್ಮ ಯಾವುದು ತಂದ ಅಂತ ಕೇಳಿ ಹೇಳುತ್ತೇನೆ. ಒಳಗೆ ಮೆತ್ತಗಿದೆ, ಬೆರಳಿನ ಕಡೆ ಅಗಲ ಇದೆ.